ಓದುಗರ ಪ್ರಶ್ನೆಗಳಿಗೆ ಉತ್ತರ: ಆಫ್ರಿಕಾದ ಹಳ್ಳಿಯಲ್ಲಿ, ಸಹಜ ಕೃಷಿಯ ತೋಟದಲ್ಲಿ ಸ್ವಯಂಸೇವೆ

ಹೊರಗಿನ ಗೊಬ್ಬರ, ಔಷಧಿಗಳಿಲ್ಲದೆ, ವಿದ್ಯುತ್ ತಂತಿಯ ಹಂಗಿಲ್ಲದೆ ನಡೆಯುವ ಆಫ್ರಿಕಾದ ಹಳ್ಳಿತೋಟಗಳ ಬಗ್ಗೆ ಮತ್ತು ಊಟ, ವಸತಿಗೆ ಪ್ರತಿಯಾಗಿ ಅಲ್ಲಿ ದುಡಿಯಲು ಹೋಗುವ ಸ್ವಯಂಸೇವಕರ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ನಮ್ಮ ಉತ್ತರ ಕನ್ನಡದವೇ ಆಗಿವೆ. ಪಶ್ಚಿಮ ಕೆನ್ಯಾದ ಅಂಥದೊಂದು ತೋಟದಲ್ಲಿ ಕೆಲಕಾಲ ಇದ್ದು ಬಂದವನಾಗಿ, ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿಕೊಂಡು ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮದು ಸಣ್ಣ ಅಡಿಕೆ ತೋಟ. ಕೆಲವು ವರ್ಷಗಳಿಂದ ರಾಸಾಯನಿಕ ಬಿಟ್ಟು ಜೀವಾಮೃತ, ಮುಚ್ಚಿಗೆಯಲ್ಲೇ ನಡೆಸುತ್ತಿದ್ದೇವೆ. ಎರಡು ವಾರ ಬಿಡುವು ಮಾಡಿಕೊಂಡು ಆಫ್ರಿಕಾದ ಒಂದು ಹಳ್ಳಿಗೆ ಹೋಗಿ, ಅಲ್ಲಿಯ ರೈತರಿಗೆ ಇದನ್ನು ಕಲಿಸಿ ಬರಬೇಕೆಂಬ ಆಸೆಯಿದೆ. ಇದು ಸಾಧ್ಯವೇ?
— ಯುವ ಕೃಷಿಕ, ಶಿರಸಿ ತಾಲ್ಲೂಕು

ಉತ್ತರ: ಹೋಗಿ, ಆದರೆ ಎರಡು ವಾರಕ್ಕೆ ಹೋಗಬೇಡಿ, ಕಲಿಸಲೆಂದೂ ಹೋಗಬೇಡಿ. ಹೀಗೆ ಖಡಾಖಂಡಿತವಾಗಿ ಹೇಳುವುದಕ್ಕೆ ಕಾರಣಗಳಿವೆ.

ಮೊದಲು ಜೀವಾಮೃತವನ್ನೇ ತೆಗೆದುಕೊಳ್ಳೋಣ. ಸಹಜ ಕೃಷಿಯ ಪ್ರತಿಪಾದಕ ಸುಭಾಷ್ ಪಾಳೇಕರರ ಕ್ರಮದಲ್ಲಿ ಒಂದು ಎಕರೆಗೆ 200 ಲೀಟರ್ ನೀರು, 10 ಕಿಲೋ ಸಗಣಿ, 5ರಿಂದ 10 ಲೀಟರ್ ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು ಬೇಕು. ಕೊಟ್ಟಿಗೆಯಲ್ಲಿ ಆಕಳು, ಗುಡ್ಡದ ಅಬ್ಬಿಯಿಂದ ತಾನಾಗಿ ಇಳಿದು ಬರುವ ನೀರು, ಮನೆಯಲ್ಲೇ ಜೋನಿಬೆಲ್ಲ ಇರುವ ನಮಗೆ ಇದು ಖರ್ಚೇ ಇಲ್ಲದ ಗೊಬ್ಬರ. ಮಧ್ಯ ಮತ್ತು ಪಶ್ಚಿಮ ಆಫ್ರಿಕಾದ ತೇವದ ಪ್ರದೇಶಗಳಲ್ಲಿ ತ್ಸೆತ್ಸೆ ನೊಣ ಹರಡುವ ನಗಾನಾ ರೋಗದಿಂದಾಗಿ ದನ ಸಾಕುವುದೇ ಎಷ್ಟೋ ಕಡೆ ಕಷ್ಟ. ಒಣ ನಾಡಿನಲ್ಲಿ ದನವಿದ್ದರೂ 200 ಲೀಟರ್ ನೀರೆಂದರೆ 20 ಲೀಟರಿನ ಹತ್ತು ಹಳದಿ ಕ್ಯಾನುಗಳು. ಅಷ್ಟನ್ನೂ ಕೈಪಂಪಿನಿಂದ ಮನೆಯವರೆಗೆ ಯಾರೋ ಒಬ್ಬ ಹೆಂಗಸು ತಲೆಯ ಮೇಲೆ ಹೊತ್ತು ತರಬೇಕು. ಬೆಲ್ಲಕ್ಕೂ ಹಿಟ್ಟಿಗೂ ದುಡ್ಡು ಕೊಡಬೇಕು, ಮೇಲಾಗಿ ಆ ಹಿಟ್ಟು ಮಕ್ಕಳ ಊಟದ ಪಾಲು. ನಮ್ಮಲ್ಲಿ ಸಹಜವಾದದ್ದು ಅಲ್ಲಿ ಸಹಜವಲ್ಲ. ಇದನ್ನು ಅರಿಯದೆ ಪಾಠ ಹೇಳಲು ನಿಂತವನನ್ನು ಅಲ್ಲಿಯ ರೈತರು ಸೌಜನ್ಯದಿಂದ ಕೇಳಿಸಿಕೊಳ್ಳುತ್ತಾರೆ, ಆಮೇಲೆ ತಮ್ಮ ಕೆಲಸಕ್ಕೆ ಹೋಗುತ್ತಾರೆ.

ಇನ್ನು, ಅವರಲ್ಲಿ ಇರುವುದನ್ನು ನೋಡಿ. ಬುರ್ಕಿನಾ ಫಾಸೊ ದೇಶದ ಯಾಕೂಬಾ ಸವಡೋಗೊ ಎಂಬ ರೈತರು ಕಲ್ಲಿನಂತೆ ಗಟ್ಟಿಯಾಗಿದ್ದ ಬರಡು ನೆಲದಲ್ಲಿ, ತಮ್ಮ ಹಿರಿಯರು ಮಾಡುತ್ತಿದ್ದ ‘ಝಾಯಿ’ ಗುಂಡಿಗಳನ್ನು ಸುಧಾರಿಸಿ ಕಾಡನ್ನೇ ಬೆಳೆಸಿದರು. ಬೇಸಿಗೆಯಲ್ಲೇ ಗೇಣಗಲದ ಗುಂಡಿ ತೋಡಿ ಗೊಬ್ಬರ, ಕಸಕಡ್ಡಿ ತುಂಬುತ್ತಾರೆ. ಅದನ್ನು ತಿನ್ನಲು ಬರುವ ಗೆದ್ದಲು ಮಣ್ಣಿನಲ್ಲಿ ಸುರಂಗ ಕೊರೆಯುತ್ತದೆ. ಮೊದಲ ಮಳೆಯ ನೀರು ಹರಿದುಹೋಗದೆ ಆ ಸುರಂಗಗಳಲ್ಲಿ ಇಂಗುತ್ತದೆ. ಗೆದ್ದಲನ್ನು ಶತ್ರುವೆಂದೇ ಬಗೆಯುವ ನಾವು ಇದರ ಮುಂದೆ ಕೂತು ಕಲಿಯುವುದು ಬಹಳಷ್ಟಿದೆ. ಸವಡೋಗೊ ಅವರಿಗೆ 2018ರಲ್ಲಿ ರೈಟ್ ಲೈವ್‌ಲಿಹುಡ್ ಪ್ರಶಸ್ತಿ ಬಂತು. 2023ರಲ್ಲಿ ಅವರು ತೀರಿಕೊಂಡರು. ಮಲಾವಿ, ಜಾಂಬಿಯಾಗಳ ಹೊಲಗಳಲ್ಲಿ ಫೈಡರ್ಬಿಯಾ ಎಂಬ ಜಾಲಿಯ ಬಳಗದ ಮರವಿದೆ. ಅದು ಮಳೆಗಾಲದಲ್ಲಿ ಎಲೆ ಉದುರಿಸಿ ಬೇಸಿಗೆಯಲ್ಲಿ ಚಿಗುರುತ್ತದೆ. ಹಾಗಾಗಿ ಬೆಳೆಗೆ ಅದರ ನೆರಳಿನ ತೊಂದರೆಯಿಲ್ಲ, ಉದುರಿದ ಎಲೆ ಗೊಬ್ಬರವಾಗುತ್ತದೆ, ಒಣಗಾಲದಲ್ಲಿ ಅದರ ಕಾಯಿ ದನಕ್ಕೆ ಮೇವಾಗುತ್ತದೆ. ಸೊಪ್ಪಿನ ಬೆಟ್ಟದಿಂದ ಹೊರೆ ಹೊರೆ ಸೊಪ್ಪು, ದರಕು ಹೊತ್ತು ತರುವ ನಮಗೆ, ಹೊಲದ ನಡುವೆಯೇ ನಿಂತು ಸೊಪ್ಪು ಕೊಡುವ ಇಂಥ ಮರವನ್ನು ಕಣ್ಣಾರೆ ನೋಡುವುದೇ ಒಂದು ಶಿಕ್ಷಣ.

ನಾನು ಹತ್ತಿರದಿಂದ ಕಂಡದ್ದು ಪಶ್ಚಿಮ ಕೆನ್ಯಾದ ‘ದೂಡು–ಸೆಳೆ’ ಬೇಸಾಯ. ಮೆಕ್ಕೆಜೋಳದ ಸಾಲುಗಳ ನಡುವೆ ಡೆಸ್ಮೋಡಿಯಂ ಎಂಬ ದ್ವಿದಳ ಬಳ್ಳಿಯನ್ನೂ ಹೊಲದ ಸುತ್ತ ನೇಪಿಯರ್ ಹುಲ್ಲನ್ನೂ ಬೆಳೆಸುತ್ತಾರೆ. ಬಳ್ಳಿಯ ವಾಸನೆ ಕಾಂಡಕೊರಕದ ಪತಂಗವನ್ನು ಹೊಲದಿಂದ ಆಚೆ ದೂಡುತ್ತದೆ, ಹುಲ್ಲು ತನ್ನೆಡೆಗೆ ಸೆಳೆಯುತ್ತದೆ. ಹುಲ್ಲಿನ ದಂಟನ್ನು ಕೊರೆದ ಮರಿಹುಳು ಅದರಿಂದ ಒಸರುವ ಅಂಟಿನಲ್ಲಿ ಸಿಕ್ಕಿ ಸಾಯುತ್ತದೆ. ಬೆಳೆಯ ಬೇರನ್ನೇ ಹೀರುವ ಸ್ಟ್ರೈಗಾ ಎಂಬ ನೇರಳೆ ಹೂವಿನ ಕಳೆ ಪಕ್ಕದ ಹೊಲದಲ್ಲಿ ಹಾಸಿದಂತಿದ್ದರೆ, ಬಳ್ಳಿಯಿರುವ ಹೊಲದಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಡೆಸ್ಮೋಡಿಯಂ ಬೇರಿನ ರಸ ಆ ಕಳೆಯ ಬೀಜವನ್ನು ಮೊಳೆಯಿಸಿ, ಹಿಡಿದುಕೊಳ್ಳಲು ಬೇರು ಸಿಗದಂತೆ ಸಾಯಿಸುತ್ತದೆ. ಸಂಜೆ ಹೊಲದಿಂದ ಹಿಂದಿರುಗಿದ ಮೇಲೆ ಪಂಚೆಗೆ ಅಂಟಿದ ಆ ಬಳ್ಳಿಯ ಕಾಯಿಗಳನ್ನು ಒಂದೊಂದಾಗಿ ಬಿಡಿಸುವುದೇ ಒಂದು ಕೆಲಸವಾಗಿತ್ತು. ಈ ಪದ್ಧತಿಯನ್ನು ರೂಪಿಸಿದ್ದು ಕೆನ್ಯಾದ ಇಸಿಪೆ ಕೀಟವಿಜ್ಞಾನ ಸಂಸ್ಥೆ, ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೇಂದ್ರದ ಜೊತೆಗೂಡಿ. ಆಫ್ರಿಕಾದಲ್ಲಿ 2016ರಲ್ಲಿ ಕಾಣಿಸಿಕೊಂಡ ಫಾಲ್ ಸೈನಿಕ ಹುಳು 2018ರಲ್ಲಿ ಭಾರತದಲ್ಲಿ ಮೊದಲು ಪತ್ತೆಯಾದದ್ದು ನಮ್ಮ ನೆರೆಯ ಶಿವಮೊಗ್ಗ ಜಿಲ್ಲೆಯಲ್ಲಿ. ಅದರ ಹಾವಳಿಯನ್ನೂ ಈ ಪದ್ಧತಿ ತಗ್ಗಿಸುತ್ತದೆ. ಬನವಾಸಿ, ಮುಂಡಗೋಡಿನ ಮೆಕ್ಕೆಜೋಳದ ಬೆಳೆಗಾರರಿಗೆ ಇದಕ್ಕಿಂತ ಉಪಯುಕ್ತವಾದ ಪಾಠ ಬೇರೆ ಇರಲಾರದು.

ಇನ್ನು ಅವಧಿಯ ಮಾತು. ಹೊಸಬ ಬಂದ ಮೊದಲ ವಾರ ತೋಟದವರಿಗೆ ಅವನಿಂದ ಸಹಾಯಕ್ಕಿಂತ ಹೊರೆಯೇ ಹೆಚ್ಚು. ಅವನ ಸ್ನಾನಕ್ಕೆ ನೀರು, ಅವನ ಪಾಲಿನ ಅಡಿಗೆಗೆ ಸೌದೆ, ಕೆಲಸ ತೋರಿಸಲು ಮನೆಯ ಒಬ್ಬರ ಸಮಯ, ಹೊಟ್ಟೆ ಕೆಟ್ಟರೆ ಆರೈಕೆ ಎಲ್ಲವೂ ಆ ಮನೆಯ ಲೆಕ್ಕದಿಂದಲೇ ಹೋಗುತ್ತವೆ. ಬಿತ್ತನೆಯಿಂದ ಎರಡನೆಯ ಕಳೆಯವರೆಗಾದರೂ, ಅಂದರೆ ಎಂಟು ಹತ್ತು ವಾರವಾದರೂ ಇದ್ದರೆ ಮಾತ್ರ ತಿಂದ ಅನ್ನದ ಋಣ ತೀರುತ್ತದೆ. ಅಷ್ಟು ಬಿಡುವಿಲ್ಲವೆಂದಾದರೆ ಈ ವರ್ಷ ಬೇಡ, ಬಿಡುವಾದ ವರ್ಷ ಹೋಗಿ. ನಿಮಗೆ ಗೊತ್ತಿರುವುದನ್ನು ಅಲ್ಲಿ ಯಾರಾದರೂ ತಾವಾಗಿ ಕೇಳಿದ ದಿನ ಖಂಡಿತ ಹೇಳಿಕೊಡಿ. ಕಸಿ ಕಟ್ಟುವುದು, ಕಾಳುಮೆಣಸಿನ ಬಳ್ಳಿ ಹಬ್ಬಿಸುವುದು, ಜೇನುಪೆಟ್ಟಿಗೆ ನೋಡಿಕೊಳ್ಳುವುದು ಇಂಥ ಕೈಕೆಲಸಗಳಿಗೆ ಎಲ್ಲ ಊರಲ್ಲೂ ಬೆಲೆಯಿದೆ.

ಪ್ರಶ್ನೆ: ನಾವು ಅಘನಾಶಿನಿಯ ಗಜನಿಯಲ್ಲಿ ಕಗ್ಗ ಭತ್ತ ಬೆಳೆಯುವವರು. ಆಫ್ರಿಕಾದ ಸಹಜ ಕೃಷಿ ಎಂದರೆ ಒಣಭೂಮಿಯದೇ ಮಾತು ಕೇಳಿಬರುತ್ತದೆ. ಉಪ್ಪುನೀರಿನ ಬೇಸಾಯದವರಿಗೆ ಅಲ್ಲಿ ಏನಾದರೂ ಇದೆಯೇ?
— ಕುಮಟಾ ತಾಲ್ಲೂಕಿನ ರೈತರು

ಉತ್ತರ: ಪತ್ರಗಳ ಕಂತೆಯಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಪ್ರಶ್ನೆ ಇದು. ಪಶ್ಚಿಮ ಆಫ್ರಿಕಾದ ಕರಾವಳಿಯಲ್ಲಿ, ಗ್ಯಾಂಬಿಯಾದಿಂದ ಗಿನಿ ಬಿಸಾವು, ಗಿನಿ, ಸಿಯೆರಾ ಲಿಯೋನ್‌ವರೆಗೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಜೌಗಿನಲ್ಲಿ ಭತ್ತ ಬೆಳೆಯುವ ಪರಂಪರೆ ಶತಮಾನಗಳಷ್ಟು ಹಳೆಯದು. ಗಿನಿ ಬಿಸಾವುವಿನ ಬಲಾಂತಾ ಜನ ಇದರಲ್ಲಿ ಎತ್ತಿದ ಕೈ. ಉದ್ದ ಹಿಡಿಯ ಮರದ ಸಲಿಕೆಯಿಂದ ಕೆಸರು ಎತ್ತಿ ಒಡ್ಡು ಕಟ್ಟಿ ಭರತದ ನೀರನ್ನು ತಡೆಯುತ್ತಾರೆ. ಮಳೆಯ ಸಿಹಿನೀರಿನಿಂದ ಮಣ್ಣಿನ ಉಪ್ಪು ತೊಳೆದುಹೋಗುವವರೆಗೆ ಕಾದು ನಾಟಿ ಮಾಡುತ್ತಾರೆ. ಹೆಚ್ಚಾದ ನೀರನ್ನು ಪೊಳ್ಳಾದ ಮರದ ಕಾಂಡದ ಕೊಳವೆಯಿಂದ ಹೊರಬಿಡುತ್ತಾರೆ. ಹಲಗೆ ಇಳಿಸಿ, ಎತ್ತಿ ಇದೇ ಲೆಕ್ಕಾಚಾರವನ್ನು ವರ್ಷವೂ ಮಾಡುವ ನಿಮಗೆ ಅವರ ಒಡ್ಡಿನ ಮೇಲೆ ನಿಂತರೆ ವಿವರಣೆಯೇ ಬೇಕಾಗುವುದಿಲ್ಲ. ಏಷ್ಯಾದ ಭತ್ತಕ್ಕಿಂತ ಬೇರೆಯಾದ, ಆಫ್ರಿಕಾದ್ದೇ ಆದ ಭತ್ತದ ಜಾತಿಯೂ ಅಲ್ಲುಂಟು. ಒಡ್ಡು ಒಡೆದರೆ ಇಡೀ ಊರು ಸೇರಿ ಕಟ್ಟಬೇಕಾದ ಬೇಸಾಯ ಅದು. ಯುವಕರು ಪಟ್ಟಣಕ್ಕೆ ಹೋದಂತೆ ಒಡ್ಡುಗಳು ಹಾಳಾಗುವ ಸಂಕಟ ಅವರದ್ದೂ ಹೌದು, ನಿಮ್ಮದೂ ಹೌದು. ಗಿನಿ ಬಿಸಾವುವಿನಲ್ಲಿ ಆಡಳಿತದ ಭಾಷೆ ಪೋರ್ಚುಗೀಸ್, ಊರಲ್ಲಿ ಆಡುವುದು ಕ್ರಿಯೋಲ್. ಇಂಗ್ಲಿಷಿನಲ್ಲಿ ವ್ಯವಹರಿಸುವುದಾದರೆ ಗ್ಯಾಂಬಿಯಾ, ಸಿಯೆರಾ ಲಿಯೋನ್ ಅನುಕೂಲ.

ಪ್ರಶ್ನೆ: ನಾನು ಇಪ್ಪತ್ತಾರು ವರ್ಷದವಳು, ಕೃಷಿ ಪದವೀಧರೆ. ಒಬ್ಬಳೇ ಹೋಗಬೇಕೆಂದಿದ್ದೇನೆ. ಮನೆಯವರು ಬೇಡವೆನ್ನುತ್ತಾರೆ. ಏನು ಹೇಳುತ್ತೀರಿ?
— ಕಾರವಾರದ ಓದುಗರು

ಉತ್ತರ: ಮನೆಯವರ ಆತಂಕಕ್ಕೆ ವಾದದಿಂದ ಉತ್ತರ ಕೊಡುವುದಕ್ಕಿಂತ ವಿವರಗಳಿಂದ ಉತ್ತರ ಕೊಡುವುದು ಒಳ್ಳೆಯದು. ತೋಟವನ್ನು ನಡೆಸುವವರಲ್ಲಿ ಹೆಂಗಸರಿದ್ದಾರೆಯೇ, ನೀವು ಮಲಗುವ ಕೋಣೆಗೆ ಒಳಗಿನಿಂದ ಚಿಲಕವಿದೆಯೇ, ಶೌಚಾಲಯ ಎಷ್ಟು ದೂರ, ಹತ್ತಿರದ ಆಸ್ಪತ್ರೆ ಯಾವುದು, ಫೋನ್ ಸಿಗ್ನಲ್ ಎಲ್ಲಿ ಸಿಗುತ್ತದೆ ಎಂಬುದನ್ನು ಬರವಣಿಗೆಯಲ್ಲಿ ಕೇಳಿ ತರಿಸಿಕೊಳ್ಳಿ. ಹಿಂದೆ ಅಲ್ಲಿ ಇದ್ದು ಬಂದ ಹೆಣ್ಣುಮಕ್ಕಳಲ್ಲಿ ಇಬ್ಬರೊಡನೆಯಾದರೂ ನೀವೂ ನಿಮ್ಮ ತಾಯಿಯೂ ಕೂತು ಮಾತಾಡಿ. ಇದಕ್ಕೆ ಅನುಕೂಲ ಮಾಡಿಕೊಡದ ತೋಟವನ್ನು ಅಲ್ಲಿಗೇ ಬಿಡಿ. ವಿಮಾನ ನಿಲ್ದಾಣದಿಂದ ಹಳ್ಳಿಗೆ ಹಗಲಿನಲ್ಲೇ ತಲುಪುವಂತೆ ಪ್ರಯಾಣ ಹೊಂದಿಸಿಕೊಳ್ಳಿ. ವಿಮಾನ ರಾತ್ರಿ ಇಳಿದರೆ ನಗರದಲ್ಲೇ ತಂಗಿ. ಆಫ್ರಿಕಾದ ಹಳ್ಳಿಗಳಲ್ಲಿ ಬೇಸಾಯದ ಕೆಲಸದಲ್ಲಿ ಹೆಂಗಸರ ಪಾಲು ದೊಡ್ಡದು. ಹೊಲದಲ್ಲಿ, ನೀರಿನ ಪಂಪಿನ ಬಳಿ, ಸಂತೆಯಲ್ಲಿ ಅವರ ಜೊತೆ ಕಳೆಯುವ ಹೊತ್ತಿನಲ್ಲಿ ನಿಮಗೆ ತಿಳಿದುಬರುವ ಸಂಗತಿಗಳು ನನ್ನಂಥ ಗಂಡಸಿಗೆ ಎಂದೂ ತಿಳಿಯಲಾರವು. ಆ ಕಾರಣಕ್ಕಾದರೂ ನೀವು ಹೋಗಬೇಕೆಂದು ನಾನು ಬಯಸುತ್ತೇನೆ.

ಪ್ರಶ್ನೆ: ಮಂಗನ ಕಾಯಿಲೆಯ ಭಯ ನೋಡಿದ ಊರು ನಮ್ಮದು. ಅಲ್ಲಿಯ ರೋಗಗಳ ಬಗ್ಗೆ ಸರಿಯಾದ ಮಾಹಿತಿ ಕೊಡಿ. ಯಾವ ಚುಚ್ಚುಮದ್ದು ಕಡ್ಡಾಯ?
— ಸಿದ್ದಾಪುರದ ಓದುಗರು

ಉತ್ತರ: ಉಣುಗಿಗೆ ಹೆದರಿ ಎಣ್ಣೆ ಸವರಿಕೊಂಡು ಕಾಡಿಗೆ ಹೋದವರಿಗೆ ಎಚ್ಚರದ ಬೆಲೆ ಹೊಸದಾಗಿ ಹೇಳಬೇಕಿಲ್ಲ. ಹಳದಿ ಜ್ವರದ ಲಸಿಕೆ ಮೊದಲನೆಯದು. ಘಾನಾ, ಉಗಾಂಡಾದಂಥ ದೇಶಗಳು ಅದರ ಪ್ರಮಾಣಪತ್ರವಿಲ್ಲದೆ ಒಳಗೆ ಬಿಡುವುದಿಲ್ಲ. ಕೆನ್ಯಾ ಸೇರಿದಂತೆ ಆ ರೋಗವಿರುವ ಯಾವುದೇ ದೇಶದಿಂದ ಹಿಂದಿರುಗುವಾಗ ನಮ್ಮ ಸರ್ಕಾರವೂ ಅದನ್ನು ಕೇಳುತ್ತದೆ, ಇಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಈ ಲಸಿಕೆ ಸಿಗುತ್ತದೆ. ಹಾಕಿಸಿಕೊಂಡ ಹತ್ತು ದಿನಗಳ ನಂತರವೇ ಪ್ರಮಾಣಪತ್ರ ಊರ್ಜಿತವಾಗುತ್ತದೆ. 2016ರಿಂದ ಅದು ಜೀವಮಾನವಿಡೀ ನಡೆಯುತ್ತದೆ.

ಲಸಿಕೆಗಿಂತಲೂ ಹೆಚ್ಚು ಯೋಚಿಸಬೇಕಾದದ್ದು ಮಲೇರಿಯಾ. ಅಲ್ಲಿ ಹರಡಿರುವುದು ಬಹುಪಾಲು ಫಾಲ್ಸಿಪ್ಯಾರಂ, ಮಿದುಳಿಗೆ ಏರಿ ಕೆಲವೇ ದಿನಗಳಲ್ಲಿ ಪ್ರಾಣ ತೆಗೆಯಬಲ್ಲ ಬಗೆ. ತಡೆಗಟ್ಟುವ ಮಾತ್ರೆಗಳಿವೆ. ಡಾಕ್ಸಿಸೈಕ್ಲಿನ್ ಆದರೆ ಹೊರಡುವ ಒಂದೆರಡು ದಿನ ಮೊದಲಿನಿಂದ ದಿನವೂ, ಹಿಂದಿರುಗಿದ ಮೇಲೆ ನಾಲ್ಕು ವಾರ ತೆಗೆದುಕೊಳ್ಳಬೇಕು. ಅಟೊವಕ್ವೊನ್–ಪ್ರೊಗ್ವಾನಿಲ್ ಆದರೆ ಹಿಂದಿರುಗಿದ ಮೇಲೆ ಒಂದು ವಾರ ಸಾಕು. ಯಾವುದು ನಿಮಗೆ ಹೊಂದುತ್ತದೆಂಬುದನ್ನು ವೈದ್ಯರು ಹೇಳಲಿ, ಆದರೆ ಊರಿಗೆ ಬಂದೆವೆಂದು ಮಾತ್ರೆ ನಿಲ್ಲಿಸುವುದು ಮಾತ್ರ ಬೇಡ. ಸೊಳ್ಳೆಪರದೆಯೊಳಗೇ ಮಲಗಿ. ಹಿಂದಿರುಗಿದ ಕೆಲವು ತಿಂಗಳೊಳಗೆ ಜ್ವರ ಬಂದರೆ, ಮಳೆಗಾಲದ ನೆಗಡಿಜ್ವರವೆಂದು ಕಷಾಯ ಕುಡಿದು ಕೂರದೆ, ವೈದ್ಯರಿಗೆ ಎಲ್ಲಕ್ಕಿಂತ ಮೊದಲು ಆಫ್ರಿಕಾದ ಮಾತು ಹೇಳಿ ರಕ್ತಪರೀಕ್ಷೆ ಮಾಡಿಸಿ.

ನಮ್ಮ ಕಡೆಯವರಿಗೇ ವಿಶೇಷವಾಗಿ ಎರಡು ಎಚ್ಚರಿಕೆ. ನಾವು ಹೊಳೆ ಕಂಡರೆ ಇಳಿದು ಈಜುವ ಜನ. ವಿಕ್ಟೋರಿಯಾ, ಮಲಾವಿ, ವೋಲ್ಟಾ ಮೊದಲಾದ ಕೆರೆ ಸರೋವರಗಳಲ್ಲಿ, ಎಷ್ಟೋ ಹಳ್ಳಿಯ ಹೊಂಡಗಳಲ್ಲಿ, ಬಸವನಹುಳುವಿನಿಂದ ಹೊರಬೀಳುವ ಬಿಲ್ಹಾರ್ಜಿಯಾ ಎಂಬ ಪರೋಪಜೀವಿ ಚರ್ಮದ ಮೂಲಕವೇ ಒಳಸೇರುತ್ತದೆ. ಗಾಯವೂ ಬೇಕಿಲ್ಲ, ನೀರು ಕುಡಿಯಲೂ ಬೇಕಿಲ್ಲ. ಊರ ಮಕ್ಕಳು ಆಡುತ್ತಿದ್ದಾರೆಂದು ನೀವು ಇಳಿಯಬೇಡಿ. ಇಳಿದಾಗಿದ್ದರೆ, ಬಂದ ಮೇಲೆ ಪರೀಕ್ಷೆ ಮಾಡಿಸಿ. ಪ್ರಾಜಿಕ್ವಾಂಟೆಲ್ ಎಂಬ ಔಷಧಿಯಿಂದ ಗುಣವಾಗುತ್ತದೆ. ಇನ್ನೊಂದು, ನಾವು ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರು. ಪೂರ್ವ ಆಫ್ರಿಕಾದ ಹುಡಿಮಣ್ಣಿನಲ್ಲಿ ಜಿಗ್ಗರ್ ಎಂಬ ಚಿಗಟವಿದೆ, ಅದು ಕಾಲ್ಬೆರಳಿನ ಸಂದಿಯಲ್ಲಿ ಹೊಕ್ಕು ಮೊಟ್ಟೆಯಿಟ್ಟು ಹುಣ್ಣು ಮಾಡುತ್ತದೆ. ಅಂಗಳದಲ್ಲಿಯೂ ಚಪ್ಪಲಿ, ಹೊಲದಲ್ಲಿ ಬೂಟು ಇರಲಿ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಊಟಕ್ಕೆ ಏನು ಗತಿ?
— ಯಲ್ಲಾಪುರದ ದಂಪತಿ

ಉತ್ತರ: ಪೂರ್ವ ಆಫ್ರಿಕಾದಲ್ಲಿ ತೊಂದರೆಯಿಲ್ಲ. ಮೆಕ್ಕೆಜೋಳದ ಹಿಟ್ಟಿನ ಮುದ್ದೆಯಾದ ಉಗಾಲಿ, ಸುಕುಮಾ ಎಂಬ ಸೊಪ್ಪಿನ ಪಲ್ಯ, ಬೇಯಿಸಿದ ಕಾಳು ದಿನದ ಊಟ. ಉಗಾಂಡಾದಲ್ಲಾದರೆ ಬಾಳೆಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ಬಾಳೆಕಾಯಿ ಮತ್ತು ಶೇಂಗಾ ಸಾರು. ಬೆಳಿಗ್ಗೆ ರಾಗಿ ಅಂಬಲಿ ಸಿಗುತ್ತದೆ; ನಮ್ಮ ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನೆಲವೇ. ಸರೋವರದ ದಂಡೆಯ ಊರುಗಳಲ್ಲಿ ಒಣಮೀನು, ಪಶ್ಚಿಮ ಆಫ್ರಿಕಾದಲ್ಲಿ ಒಣಮೀನು ಮತ್ತು ಸಿಗಡಿಯ ಪುಡಿ ಸಾರಿಗೆ ಸೇರುವುದು ವಾಡಿಕೆಯಾದ್ದರಿಂದ ನಿಮ್ಮ ಆಹಾರಕ್ರಮವನ್ನು ಹೋಗುವ ಮುನ್ನವೇ ತಿಳಿಸಿ. ಮಜ್ಜಿಗೆ, ತುಪ್ಪದ ಆಸೆ ಬಿಟ್ಟು ಹೋಗಿ.

ಪ್ರಶ್ನೆ: ಕರೆಂಟಿಲ್ಲದೆ, ನಲ್ಲಿಯಿಲ್ಲದೆ ತಿಂಗಳುಗಟ್ಟಲೆ ಇರಲು ಸಾಧ್ಯವೇ?
— ಜೋಯಿಡಾ ತಾಲ್ಲೂಕಿನ ವಿದ್ಯಾರ್ಥಿ

ಉತ್ತರ: ನಿಮ್ಮ ತಾಲ್ಲೂಕಿನ ಹಿರಿಯರನ್ನು ಕೇಳಿದರೆ ನನಗಿಂತ ಚೆನ್ನಾಗಿ ಹೇಳುತ್ತಾರೆ. ಬೆಳಕಿಗೆ, ಫೋನಿಗೆ ಒಂದೆರಡು ಸೌರಫಲಕಗಳಿರುತ್ತವೆ. ಮೋಡದ ದಿನ ಬ್ಯಾಟರಿಯನ್ನು ದೀಪಕ್ಕೆಂದೇ ಉಳಿಸುತ್ತಾರೆ. ಶೌಚಕ್ಕೆ ಬೂದಿ, ಮರದ ಹುಡಿ ಉದುರಿಸಿ ಮುಚ್ಚುವ ಒಣ ಶೌಚಾಲಯ. ಕೈತೊಳೆಯಲು ಒಂದು ಉಪಾಯ ಕಂಡೆ. ಸಣ್ಣ ಕ್ಯಾನನ್ನು ಕೋಲಿಗೆ ತೂಗುಹಾಕಿ, ಅದರ ಬಾಯಿಗೆ ಕಟ್ಟಿದ ಹಗ್ಗವನ್ನು ನೆಲದ ಮೇಲಿನ ಕಟ್ಟಿಗೆಗೆ ಬಿಗಿದಿರುತ್ತಾರೆ. ಕಾಲಿನಿಂದ ಕಟ್ಟಿಗೆ ಒತ್ತಿದರೆ ಕ್ಯಾನು ಬಾಗಿ, ಮೊದಲೇ ಕೊರೆದ ತೂತಿನಿಂದ ಎಳೆಯಷ್ಟು ನೀರು ಬೀಳುತ್ತದೆ. ಮಣ್ಣಿನ ಕೈಯಿಂದ ಏನನ್ನೂ ಮುಟ್ಟಬೇಕಿಲ್ಲ, ಒಂದು ಲೋಟ ನೀರಿನಲ್ಲಿ ಎರಡೂ ಕೈ ಶುದ್ಧ. ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬಿದ್ದರೂ ಏಪ್ರಿಲ್‌ನಲ್ಲಿ ಬಾವಿ ಬತ್ತುವ ನಮ್ಮ ಊರುಗಳಿಗೂ ಅದು ಬೇಕಾದದ್ದು.

ಪ್ರಶ್ನೆ: ನಾನು ಸಿದ್ದಿ ಸಮುದಾಯದವನು. ನಮ್ಮ ಹಿರಿಯರು ಅಲ್ಲಿಂದ ಬಂದವರು. ಅಂಥ ಹಳ್ಳಿಗೆ ಹೋದರೆ ನನ್ನನ್ನು ಅವರಲ್ಲೊಬ್ಬನೆಂದು ಕಾಣುತ್ತಾರೆಯೇ?
— ಹಳಿಯಾಳ ತಾಲ್ಲೂಕಿನ ಓದುಗರು

ಉತ್ತರ: ಈ ಪ್ರಶ್ನೆಗೆ ಉತ್ತರಿಸುವ ಅಧಿಕಾರ ನನಗೆ ಪೂರ್ತಿ ಇಲ್ಲವೆಂದು ತಿಳಿದೇ ಬರೆಯುತ್ತಿದ್ದೇನೆ. ಪೋರ್ಚುಗೀಸರ ಕಾಲದಲ್ಲಿ ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ಅನೇಕರು ತಪ್ಪಿಸಿಕೊಂಡು ನಮ್ಮ ಘಟ್ಟದ ಕಾಡು ಸೇರಿದರು. ಹೆಚ್ಚಿನವರ ಮೂಲ ಪೂರ್ವ ಮತ್ತು ಆಗ್ನೇಯ ಆಫ್ರಿಕಾದ ಬಾಂಟು ಭಾಷೆಗಳ ನಾಡು. ಆದರೆ ಯಾವ ಹಳ್ಳಿ, ಯಾವ ಕುಲ ಎಂಬ ನೆನಪನ್ನು ಆ ವ್ಯಾಪಾರ ಅಳಿಸಿಹಾಕಿದೆ. ಆದ್ದರಿಂದ ಅಲ್ಲಿಯವರು ನಿಮ್ಮ ಮುಖ ನೋಡಿ ಮೊದಲು ತಮ್ಮ ಭಾಷೆಯಲ್ಲೇ ಮಾತಾಡಿಸಬಹುದು, ಕನ್ನಡ, ಕೊಂಕಣಿ ಆಡುವವನೆಂದು ತಿಳಿದಾಗ ಅಚ್ಚರಿಪಡಬಹುದು. ಅಲ್ಲಿಂದ ಮುಂದಿನ ಸಂಬಂಧ ನಿಮ್ಮ ದುಡಿಮೆ, ನಡೆನುಡಿಗಳಿಂದ ಬೆಳೆಯಬೇಕು. ಪೂರ್ವ ಆಫ್ರಿಕಾದ ಹಳ್ಳಿಗರಿಗೆ ಭಾರತೀಯನೆಂದರೆ ಪೇಟೆಯ ಅಂಗಡಿಕಾರನ ಚಿತ್ರವೇ ಮನಸ್ಸಿನಲ್ಲಿದೆ. ಗುದ್ದಲಿ ಹಿಡಿದು ಸಾಲಿನಲ್ಲಿ ನಿಲ್ಲುವ, ಜೇನು, ಗೆಡ್ಡೆಗೆಣಸು, ಕಾಡುಸೊಪ್ಪಿನ ತಿಳಿವಳಿಕೆಯಿರುವ ನಿಮ್ಮಂಥವರು ಭಾರತದಿಂದ ಹೋಗುವುದು ಅವರಿಗೂ ಹೊಸ ಪರಿಚಯ. ಈ ಬಯಕೆ ನಿಮ್ಮಲ್ಲಿದ್ದರೆ ಹಣದ ಕಾರಣಕ್ಕೆ ಅದನ್ನು ಕೈಬಿಡಬೇಡಿ. ತೋಟದವರಿಗೆ ನಿಮ್ಮ ವಿಷಯವನ್ನು ಮುಚ್ಚುಮರೆಯಿಲ್ಲದೆ ಬರೆಯಿರಿ, ಕೆಲವು ತೋಟಗಳು ಕೇಳುವ ಊಟದ ಶುಲ್ಕವನ್ನು ಬಿಡುವಂತೆಯೂ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಪ್ರಶ್ನೆ: ತೋಟವನ್ನು ಹುಡುಕುವುದು ಹೇಗೆ? ಒಂದು ಏಜೆನ್ಸಿ ದೊಡ್ಡ ಮೊತ್ತ ಕೇಳುತ್ತಿದೆ. ವೀಸಾ ಯಾವುದು? ಯಾವ ತಿಂಗಳು ಒಳ್ಳೆಯದು?
— ಹೊನ್ನಾವರದ ಓದುಗರು

ಉತ್ತರ: ಏಜೆನ್ಸಿಗೆ ಕೊಡುವ ಹಣದಲ್ಲಿ ಹಳ್ಳಿಗೆ ಎಷ್ಟು ತಲುಪುತ್ತದೆಂದು ಕೇಳಿ, ಲೆಕ್ಕ ಹೇಳದಿದ್ದರೆ ಬಿಟ್ಟುಬಿಡಿ. ಅನಾಥ ಮಕ್ಕಳ ಜೊತೆ ಕಳೆಯುವ ದಿನಗಳನ್ನೂ ಸೇರಿಸಿ ಮಾರುವವರಾದರೆ ಲೆಕ್ಕ ಕೇಳುವ ಅಗತ್ಯವೂ ಇಲ್ಲ, ಅಂಥವರನ್ನು ದೂರವೇ ಇಡಿ. ತೋಟಗಳೊಡನೆ ನೇರ ಸಂಪರ್ಕಕ್ಕೆ, 1971ರಲ್ಲಿ ಇಂಗ್ಲೆಂಡಿನಲ್ಲಿ ಸ್ಯೂ ಕೊಪ್ಪರ್ಡ್ ಆರಂಭಿಸಿದ ವೂಫ್ ಜಾಲ ಹಳೆಯದು, ಆಫ್ರಿಕಾದ ಹಲವು ದೇಶಗಳಲ್ಲೂ ಇದೆ. ದಿನಕ್ಕೆ ನಾಲ್ಕರಿಂದ ಆರು ಗಂಟೆಯ ಕೆಲಸಕ್ಕೆ ಊಟ, ವಸತಿ ಎಂಬುದು ಅದರ ವಾಡಿಕೆ. ಹಳ್ಳಿಯ ಬಡ ತೋಟವೊಂದು ಊಟದ ಖರ್ಚಿಗೆಂದು ದಿನಕ್ಕಿಷ್ಟು ಕೇಳಿದರೆ ಅದು ನ್ಯಾಯವೇ. ಸ್ವಯಂಸೇವಕರಿಲ್ಲದ ತಿಂಗಳಲ್ಲಿ ಈ ಕೆಲಸ ಯಾರು ಮಾಡುತ್ತಾರೆ ಎಂದು ತಪ್ಪದೆ ವಿಚಾರಿಸಿ. ಊರಿನ ಕೂಲಿಯವರು ಎಂದಾದರೆ, ನೀವು ಬಂದ ತಿಂಗಳು ಅವರ ಕೂಲಿ ತಪ್ಪುತ್ತದೆಯೇ ಎಂಬುದನ್ನೂ ಕೇಳಲೇಬೇಕು. ಶಿಸ್ತಿನ ತರಬೇತಿಯೇ ಬೇಕೆಂದರೆ ಬೆನಿನ್ ದೇಶದ ಪೋರ್ಟೊ ನೋವೊದಲ್ಲಿ ಗಾಡ್‌ಫ್ರೀ ನ್ಜಮುಜೊ 1985ರಲ್ಲಿ ಕಟ್ಟಿದ ಸೊಂಗಾಯ್ ಕೇಂದ್ರವಿದೆ. ಕೋಳಿ, ಮೀನು, ಜೈವಿಕ ಅನಿಲ, ತರಕಾರಿ ಅಲ್ಲಿ ಒಂದರ ಕಸ ಇನ್ನೊಂದರ ಗೊಬ್ಬರವಾಗುವಂತೆ ಹೆಣೆದುಕೊಂಡಿವೆ. ಫ್ರೆಂಚ್ ಬಂದರೆ ಅನುಕೂಲ.

ಸಂಬಳವಿಲ್ಲದ ಕೆಲಸವನ್ನೂ ಕೆಲಸವೆಂದೇ ಎಣಿಸಿ ಬೇರೆ ಪರವಾನಗಿ ಕೇಳುವ ದೇಶಗಳಿವೆ, ತಾಂಜಾನಿಯಾ ಅವುಗಳಲ್ಲೊಂದು. ಕೆನ್ಯಾ 2024ರಿಂದ ವೀಸಾದ ಬದಲು ಆನ್‌ಲೈನ್ ಪ್ರಯಾಣ ಅನುಮತಿ ತಂದಿದೆ, ಆದರೆ ಅದು ಭೇಟಿಗೆಂದು ಕೊಡುವ ಅನುಮತಿ. ಪ್ರವಾಸಿ ಎಂದು ಬರೆದು ಹೋಗಿ ಎಂದು ತೋಟದವರು ಹೇಳಿದರೂ ಒಪ್ಪದೆ, ಆಯಾ ದೇಶದ ರಾಯಭಾರ ಕಚೇರಿಯಿಂದ ಬರವಣಿಗೆಯಲ್ಲಿ ಉತ್ತರ ತರಿಸಿಕೊಳ್ಳಿ. ಸಿಕ್ಕಿಬಿದ್ದರೆ ದಂಡ ತೆರುವವರು ನೀವು ಮಾತ್ರವಲ್ಲ, ಅವರೂ ಹೌದು.

ತಿಂಗಳಿನ ವಿಷಯದಲ್ಲಿ ಅಡಿಕೆಯವರ ಅದೃಷ್ಟ ಚೆನ್ನಾಗಿದೆ. ಕೆನ್ಯಾ, ಉಗಾಂಡಾಗಳ ದೊಡ್ಡ ಮಳೆ ಮಾರ್ಚ್‌ನಿಂದ ಮೇವರೆಗೆ. ಕೊನೆ ಕೊಯ್ಲು, ಸುಲಿಯುವುದು ಮುಗಿಸಿ ಹೊರಟರೆ ಅಲ್ಲಿಯ ಬಿತ್ತನೆ, ಕಳೆ ಎರಡಕ್ಕೂ ಸಿಕ್ಕಿ, ನಮ್ಮ ಮುಂಗಾರು ಹಿಡಿಯುವ ಹೊತ್ತಿಗೆ, ಕೊಳೆಮದ್ದು ಹೊಡೆಯುವ ಮೊದಲು ಮನೆಯಲ್ಲಿರಬಹುದು. ಮಲಾವಿ, ಜಾಂಬಿಯಾಗಳ ಮಳೆ ನವೆಂಬರಿನಿಂದ ಏಪ್ರಿಲ್‌ವರೆಗೆ, ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನ ಸಹೇಲ್ ಪ್ರದೇಶದ್ದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಗದ್ದೆ, ತೋಟ ಇರುವವರಿಗೆ ಇವೆರಡೂ ಕಷ್ಟ. ಮುಂಬಯಿಯಿಂದ ನೈರೋಬಿಗೆ ನೇರ ವಿಮಾನವಿದೆ, ಮುಂಬಯಿಯವರೆಗೆ ಕೊಂಕಣ ರೈಲು ಇದ್ದೇ ಇದೆ. ಪತ್ರವ್ಯವಹಾರ, ಪರವಾನಗಿ, ಲಸಿಕೆ ಎಲ್ಲಕ್ಕೂ ವಾರಗಳು ಹಿಡಿಯುವುದರಿಂದ ಮಾರ್ಚ್‌ನಲ್ಲಿ ಹೊರಡುವವರು ದೀಪಾವಳಿಯ ಹೊತ್ತಿಗೇ ತೋಟದವರಿಗೆ ಮೊದಲ ಪತ್ರ ಬರೆದಿರಬೇಕು.